ನೀರುಗಂಟಿಗೆ ಬೆಂಕಿಯ ಕೆಲಸ

ವರ್ಷವಿಡೀ ನೀರು ಬಿಡುವವನು ನಾನು.
ಬೆಳಿಗ್ಗೆ ಆರಕ್ಕೆ ಮೇಲಿನ ಲೈನು, ಏಳೂವರೆಗೆ ಹೊಳೆಬದಿ.
ಇವತ್ತು ಪಂಚಾಯಿತಿಯವರು ಬೆಂಕಿಪೊಟ್ಟಣ ಕೊಟ್ಟು
'ಐದು ಕಡೆ ಒಟ್ಟು, ಒಂದೂ ಆರಬಾರದು' ಎಂದರು.
ಹೊಳೆಹಬ್ಬ. ಕರಡಿಗೋಡಿನ ದಂಡೆಗೆ ಬಲ್ಬಿನ ಸರ.
ಕಾಫಿ ಕೊಯ್ದ ಬೆರಳುಗಳ ಕಪ್ಪು ಇನ್ನೂ ಬಿಡದ ಜನವರಿ.

ಸೌದೆ ಕೊಂಡದ್ದಲ್ಲ.
ಕಕ್ಕಡದ ಮಳೆಗೆ ಕಾವೇರಿಯೇ ಹೊತ್ತು ತಂದು
ಸೇತುವೆಯ ಕಾಲಿಗೆ ಒರಗಿಸಿ ಹೋದದ್ದು:
ಬೇರು ಸಮೇತ ಹಾಲುವಾಣ, ಯಾರದೋ ಬೇಲಿಗೂಟ,
ಮೆಣಸಿನ ಬಳ್ಳಿಯ ನಾರು ಬಿಡದ ಸಿಲ್ವರ್ ಓಕಿನ ತುಂಡು.
ಆರು ತಿಂಗಳು ಒಣಗಿಸಿದ್ದೆವು. ಆದರೂ ಹಚ್ಚಿದಾಗ
ಸುಂಯ್ ಎಂದು ಮೊದಲು ಮಾತಾಡಿದ್ದು ಒಳಗಿನ ನೀರೇ.
ಆ ಸದ್ದು ನನಗೆ ಗೊತ್ತು,
ಗಾಳಿ ಹಿಡಿದ ಪೈಪಿನದು.

ಹಗಲುವೇಷದ ಆಂಜನೇಯ ಬೆಂಕಿಯಿಂದ ಎಂಟು ಮಾರು ಆಚೆ
ಬಾಲವನ್ನು ಕೂಸಿನಂತೆ ಮಡಿಲಲ್ಲಿಟ್ಟು ಚಾ ಕುಡಿಯುತ್ತಿದ್ದ.
'ಹತ್ತಿರ ಬನ್ನಿ ಸ್ವಾಮಿ, ಚಳಿ' ಅಂದೆ.
'ಸೆಣಬಿನ ಬಾಲ ಕಣಣ್ಣ. ಲಂಕೆಯೇನೋ ಸರಿ,
ನಾಳೆ ಗೋಣಿಕೊಪ್ಪಕ್ಕೂ ಇದೇ ಬೇಕು.'
ಮೈಕಿನಲ್ಲಿ ಪೆಮ್ಮಯ್ಯ ಮೇಷ್ಟ್ರು:
ಒಂಟಿ ಸಲಗ ತೋಟದಿಂದ ಇಳಿದಿದೆಯಂತೆ,
ಯಾರೂ ಹಿಂದಿನ ರಸ್ತೆಗೆ ಹೋಗಬೇಡಿ,
ಈಗ ಬೆಂಕಿ ಉಗುಳುವ ಕಾರ್ಯಕ್ರಮ.
ಉಗುಳುವವನು ಹೊಳೆಗೆ ಬೆನ್ನು ಹಾಕಿ
ಸೀಮೆಎಣ್ಣೆಯ ಬಾಯಿ ಮೂರು ಸಲ ಮುಕ್ಕಳಿಸಿದ,
ಒಂದು ಏಲಕ್ಕಿ ಜಗಿದ.

ನಾಲ್ಕನೇ ಒಟ್ಟಿಲಿಗೆ ಎಳೆದದ್ದು ದಿಮ್ಮಿಯಲ್ಲ, ದಾರಂದ.
ಹಲಸಿನದು. ಒಳಮೈಯಲ್ಲಿ ಕತ್ತಿಮೊನೆಯ ಗೀರು
ಒಂದರ ಮೇಲೊಂದು ಏಳು.
ಪಳಂಪೊರಿ ಕರಿಯುತ್ತಿದ್ದ ನಬೀಸ ಜಾಲರಿ ಕೆಳಗಿಟ್ಟಳು.
ಹದಿನಾಲ್ಕು ವರ್ಷ ಅವಳ ನಲ್ಲಿಗೆ ನೀರು ಬಿಟ್ಟಿದ್ದೇನೆ.
ಮನೆ ಹೋದ ಮೇಲೂ ನಲ್ಲಿಯೊಂದು ನಿಂತಿತ್ತು,
ಕೆಂಪು ನೀರಿನ ನಡುವೆ ಮೂರು ದಿನ
ಕುಡಿಯುವ ನೀರು ಸುರಿಸುತ್ತ.

'ನಿಲ್ಲಿಸು' ಅಂದಳು.
ಬೆಂಕಿಯನ್ನೇ ಎಂದುಕೊಂಡು ಕೊಳ್ಳಿ ಹಿಂದೆಳೆದೆ.
'ಅಲ್ಲ, ಅದನ್ನ. ನೆಟ್ಟಗೆ.'

ಮರಳು ತೋಡಿ ನಿಲ್ಲಿಸಿದೆವು.
ಒಂದು ಕಡೆ ಹೊಳೆ, ಒಂದು ಕಡೆ ಬೆಂಕಿ,
ಗೋಡೆ ಎಲ್ಲೂ ಇಲ್ಲ.
ಮೊದಲು ದಾಟಿದ್ದು ನಾಯಿ.
ಮರಗಾಲಿನವನು ಸುತ್ತು ಬಳಸಿ ಹೋದ.
ಆಂಜನೇಯ ಬಾಲ ತೋಳಿಗೆ ಸುತ್ತಿ, ಕಿರೀಟ ತಗ್ಗಿಸಿ,
ಬಲಗಾಲಿಟ್ಟು ಒಳಗೆ ಬಂದ.
ಒಳಗೆ ಅಂದರೆ, ಹೊರಗೇ.

ಹಗ್ಗದ ಮೇಲೆ ನಡೆದು ಇಳಿದ ಸಣ್ಣಿಯನ್ನು
ನಬೀಸ ಭುಜ ಹಿಡಿದು ಗೀರಿಗೆ ಒರಗಿಸಿದಳು,
ಹಿಟ್ಟಿನ ಅಂಗೈ ನೆತ್ತಿಯ ಮೇಲೆ ಮಟ್ಟಸ ಇಟ್ಟು.
'ಹನ್ನೊಂದು ವರ್ಷ' ಅಂದಳು.
'ಒಂಬತ್ತು' ಅಂತು ಹುಡುಗಿ.
'ನನ್ನ ಮಗ ಹನ್ನೊಂದಕ್ಕೆ ಇಲ್ಲಿದ್ದ. ಸುಳ್ಳು ಹೇಳ್ಬೇಡ.'
'ಒಂಬತ್ತೇ, ಅಕ್ಕ.'
ಮರಳಲ್ಲಿ ಒಂದು ಗೇಣು ಹೂತಿದ್ದೆವು.
ನನಗೆ ಗೊತ್ತಿತ್ತು, ಹೇಳಲಿಲ್ಲ.
ನಬೀಸ ಪಳಂಪೊರಿ ಎರಡು ಕೊಟ್ಟಳು,
ಆಮೇಲೆ ಇನ್ನೂ ಒಂದು.

ಮಗ ಮಡಿಕೇರಿಯಲ್ಲಿ ಆಟೋ ಓಡಿಸುತ್ತಾನೆ,
ಗೀರಿಗೆ ನಿಲ್ಲುವ ಪ್ರಾಯವಲ್ಲ.
ಹತ್ತೂವರೆಗೆ ಜನ ತೆಳುವಾದಾಗ ಅವಳೇ ಬಂದು
'ಇನ್ನು ಹಾಕು, ಬೆಂಕಿ ಸಣ್ಣ ಆಯ್ತು' ಅಂದಳು.
ಹಲಸು ನಿಧಾನ ಉರಿಯುತ್ತದೆ. ಹಳದಿ ಉರಿ.
ಒಂದೊಂದೇ ಗೀರು ಕೆಂಪಾಗಿ ಕಾಣಿಸಿ,
ನಡುವೆ ಒಂದೆರಡು ಲೆಕ್ಕ ತಪ್ಪಿತು ನನಗೆ,
ಯಾರೋ ಸಲಗ ಎಂದು ಕೂಗಿದರು.
ಸಲಗ ಅಲ್ಲ, ಜನರೇಟರು.

ಬೆಳಿಗ್ಗೆ ಆರಕ್ಕೆ ವಾಲ್ವ್ ತಿರುಗಿಸಿದೆ.
ಕಿಸೆಯಲ್ಲಿ ಬೂದಿ ಮೆತ್ತಿದ ಎರಡು ಬಿಜಾಗರಿ.
ಮೊದಲ ಬಸ್ಸಿಗೆ ಕಾಯುತ್ತಿದ್ದ ಆಂಜನೇಯ
ಬಣ್ಣ ತೊಳೆದ ಮುಖದಲ್ಲಿ ಗುರುತೇ ಸಿಗಲಿಲ್ಲ,
ಚೀಲದಿಂದ ಇಣುಕಿದ ಬಾಲದಿಂದ ತಿಳಿದೆ.
ಆರೂಕಾಲಿಗೆ ಮೇಲಿನ ಲೈನಿನಿಂದ ಫೋನು:
'ಏನಪ್ಪಾ ಇವತ್ತು, ನೀರಿಗೆ ಹೊಗೆವಾಸನೆ?'