ಕುರ್ಚಿಯ ಹೊಕ್ಕುಳು

ಪ್ಲಾಸ್ಟಿಕ್ ಕುರ್ಚಿಗೂ ಹೊಕ್ಕುಳುಂಟು.
ಬೋರಲು ಹಾಕಿ ನೋಡು, ಅನ್ನುತ್ತಿದ್ದ ಅಪ್ಪ.
ಕೂರುವ ಜಾಗದ ನಟ್ಟನಡುವೆ
ಲಸಿಕೆಯ ಕಲೆಯಷ್ಟು ಒಂದು ಚುಕ್ಕೆ:
ಕರಗಿದ್ದು ಒಳಗೆ ಹರಿದ ಬಾಗಿಲು.
ಆರು ವರ್ಷದ ನಾನು ಅಜ್ಮಾನಿನ ಹೋಟೆಲಿನಲ್ಲಿ
ದೋಸೆ ಬರುವ ಮೊದಲೇ ಕುರ್ಚಿ ಮಗುಚಿ
ಬೈಸಿಕೊಂಡದ್ದಿದೆ.

ಶಾರ್ಜಾ, ಇಂಡಸ್ಟ್ರಿಯಲ್ ಹದಿಮೂರು.
ಇಪ್ಪತ್ತೆರಡು ವರ್ಷದಿಂದ ಅಪ್ಪನಿಗೆ ಅದೇ ಮಷೀನು.
ಮುಂಗೈ ತುಂಬ ಬಿಸಿ ಸಿಡಿದ ಸಣ್ಣ ಸಣ್ಣ ಕಲೆ.
ನಲವತ್ತೈದು ಸೆಕೆಂಡಿಗೊಂದು ಕುರ್ಚಿ.
ನನ್ನ ಒಂದು ಸೆಮಿಸ್ಟರಿನ ಫೀಸು
ಎಷ್ಟು ಕುರ್ಚಿಯಾಗುತ್ತದೆಂದು ಲೆಕ್ಕ ಹಾಕಲು ಹೋಗಿ
ಅರ್ಧಕ್ಕೆ ಬಿಟ್ಟಿದ್ದೇನೆ.

ಡಿಸೈನ್ ಕ್ಲಾಸಿನಲ್ಲಿ ಹೆಸ್ಸಾ ಮೇಡಂ
ಒಂದೊಂದು ದೊಡ್ಡ ಹಾಳೆ ಹಂಚಿದರು.
ಎಡಕ್ಕೆ ವಸ್ತುಗಳ ಹೆಸರು, ಮೇಲೆ ಸಾಲಾಗಿ ಪ್ರಶ್ನೆ:
ಎಲ್ಲಿಂದ ಬಂತು, ಎಷ್ಟು ನೀರು ಕುಡಿಯಿತು,
ಎಷ್ಟು ಹಡಗು ಹತ್ತಿತು, ಎಷ್ಟು ಭಾರ ತಡೆಯುತ್ತದೆ,
ಕೊನೆಯ ಕಾಲಂ: ಸತ್ತ ಮೇಲೆ ಏನಾಗುತ್ತದೆ.
ಅದನ್ನೇ ಮೊದಲು ತುಂಬಬೇಕಂತೆ.
"ಆಮೇಲೆ ಒಂದು ಸ್ಟೂಲು ಮಾಡಿ ತನ್ನಿ.
ಇಲ್ಲಿಯದೇ ವಸ್ತು. ನಾನು ಕೂತು ನೋಡುತ್ತೇನೆ."
ಪಾಲಿಪ್ರೊಪಿಲೀನಿನ ಎದುರು ಬರೆಯುವಾಗ
ಅಪ್ಪನ ಹೆಸರನ್ನೇ ಬರೆಯುತ್ತಿರುವ ಹಾಗೆ
ಕೈ ತಡೆಯಿತು.

ಇಲ್ಲಿಯದು ಅಂದರೆ ಖರ್ಜೂರ.
ಹೆದ್ದಾರಿಯ ನಡುವಿನ ಮರ ಸವರುವ ಗುಲ್ ರಹೀಮ್
ಸೊಂಟಕ್ಕೆ ಹಗ್ಗ ಬಿಗಿದು ಮೇಲಿನಿಂದಲೇ ಕೇಳಿದ:
"ಮೇಕೆಗೆ ಹಾಕಲಿಕ್ಕಾ?"
ಕೂರಲಿಕ್ಕೆ, ಅಂದೆ. ಇಳಿದು ಬಂದ.
ಗರಿಯ ದಿಂಡು ಎತ್ತಿ, ಬೆರಳ ಗಿಣ್ಣಿನಲ್ಲಿ ಕುಟ್ಟಿ
ಕಿವಿ ಕೊಟ್ಟ, ಕಲ್ಲಂಗಡಿ ಕೊಳ್ಳುವವರ ಹಾಗೆ.
"ಇದು ಹಸಿ, ನಾಳೆ ಮೋಸ ಮಾಡುತ್ತದೆ.
ಇದು ಒಣಗಿ ಮುನಿಸಿಕೊಂಡಿದೆ, ಸೀಳುತ್ತದೆ.
ಇದು ತಗೋ."
ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ಅಂಚಿನಲ್ಲಿ ಬರೆದುಕೊಂಡೆ: ಸದ್ದು.

ಬಾಲ್ಕನಿ ತುಂಬ ದಿಂಡು. ಬಟ್ಟೆಗೆ ಜಾಗವಿಲ್ಲ.
ಅಮ್ಮ ಒಂದು ಗರಿ ಸಿಗಿದು ನೋಡಿ
"ಹಿಡಿಸೂಡಿಗೂ ಆಗದ ಕಡ್ಡಿ" ಎಂದು ಬಿಸಾಡಿದಳು.

ಮೊದಲ ಸ್ಟೂಲು ಅಂಟು ಹಾಕಿ ನಿಲ್ಲಿಸಿದೆ. ಚೆಂದವಿತ್ತು.
ಹೆಸ್ಸಾ ಮೇಡಂ ಕೂರಲೇ ಇಲ್ಲ. ಬಗ್ಗಿ ಮೂಸಿದರು.
"ಎಪಾಕ್ಸಿ. ಇನ್ನು ಇದನ್ನು ಮಣ್ಣು ತಿನ್ನುವುದಿಲ್ಲ,
ಮೇಕೆಯೂ ತಿನ್ನುವುದಿಲ್ಲ.
ಬಿಡಿಸಲು ಬಾರದ ಹಾಗೆ ಕೂಡಿಸಿದ್ದು ಕಸ."
ತುಂಬಿದ ಬಸ್ಸಿನಲ್ಲಿ ಸ್ಟೂಲು ಹಿಡಿದು
ನಿಂತೇ ಮನೆಗೆ ಬಂದೆ.

ಎರಡನೆಯದಕ್ಕೆ ಅಂಟಿಲ್ಲ, ಮೊಳೆಯಿಲ್ಲ.
ದಿಂಡಿಗೆ ತೂತು, ತೂತಿಗೆ ಗೂಟ, ಗೂಟಕ್ಕೆ ನಾರಿನ ಕಟ್ಟು.
ಒಂಬತ್ತು ದಿನ. ಹೆಬ್ಬೆರಳಿಗೆ ಎರಡು ಹೊಲಿಗೆ.
ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ
ಶೂ ಕಳಚುವ ಮೊದಲೇ ಅದನ್ನು ಬೋರಲು ಹಾಕಿದ,
ಅಡಿಯಲ್ಲಿ ಬೆರಳಾಡಿಸಿದ, ಹುಡುಕಿದ.
"ಇದಕ್ಕೆ ಹೊಕ್ಕುಳೇ ಇಲ್ಲವಲ್ಲ."
ಕೂತ. ಕಿರ್ರೆಂದಿತು, ತಡೆಯಿತು.
"ಗಂಟೆಗೆ ಎಷ್ಟು?"
ಒಂಬತ್ತು ದಿನಕ್ಕೊಂದು, ಅಂದೆ.
ನಕ್ಕ. ಆಮೇಲೆ ನಗಲಿಲ್ಲ.
ಅವಲಕ್ಕಿಯನ್ನು ಅದರ ಮೇಲೆಯೇ ಕೂತು ತಿಂದ.

ಮಾರ್ಕು ಬಂತು, ಹೇಳಿಕೊಳ್ಳುವಂಥದ್ದಲ್ಲ.
ಸ್ಟೂಲನ್ನು ಅಪ್ಪ ಫ್ಯಾಕ್ಟರಿಗೆ ಒಯ್ದ.
ಬಿಳಿ ಕುರ್ಚಿಗಳನ್ನು ಲಾರಿಯೆತ್ತರ ಪೇರಿಸಿಟ್ಟ ಗೇಟಿನಲ್ಲಿ
ವಾಚ್‌ಮನ್ ಈಗ ಅದರ ಮೇಲೆ ಕೂರುತ್ತಾನೆ,
ಬೆನ್ನು ಬೆವರುವುದಿಲ್ಲವಂತೆ. ಬೆನ್ನಿಗೆ ಏನೂ ಇಲ್ಲವಲ್ಲ.

ಆಗಸ್ಟಿನ ಸೆಕೆಗೆ ಒಂದು ಕಾಲು ಸಡಿಲಾಯಿತು.
ಅಪ್ಪನೇ ರಿಪೇರಿ ಮಾಡಿದ:
ಅಚ್ಚಿನಿಂದ ಮುರಿದು ಬಿದ್ದ ನೀಲಿ ತುಂಡೊಂದನ್ನು
ಚಾಕುವಿನಲ್ಲಿ ಕೆತ್ತಿ, ಗೂಟ ಮಾಡಿ ಹೊಡೆದಿದ್ದಾನೆ.
ಅಲುಗಾಡುವುದಿಲ್ಲ.
ಎಳೆದರೆ ಈಚೆ ಬರುತ್ತದೆ. ಎಳೆದು ನೋಡಿದೆ.

ಹಳೆಯ ಹಾಳೆ ಬಿಡಿಸಿಕೊಂಡು ಕೂತಿದ್ದೇನೆ.
ಕೊನೆಯ ಕಾಲಂ ಮತ್ತೆ ತುಂಬಬೇಕು,
ಈ ಸಲ ಪೆನ್ಸಿಲ್ಲಿನಲ್ಲಿ.