ಅರ್ಧ ಲೋಟ

ಫಿಲೋಮಿನಾ ಮೇಡಂ ಮೊದಲ ಸಲ ವರ್ಕ್‌ಶಾಪಿಗೆ ಬಂದಾಗ
ಹೆಲ್ಮೆಟ್ಟನ್ನು ನನ್ನ ಬಿಲ್ ಬುಕ್ಕಿನ ಮೇಲೇ ಇಟ್ಟರು.
ಕೆಲಸ ಇಲ್ಲ ಅಂದೆ.
ಎರಡನೇ ಸಲವೂ ಅಂದೆ.
ಮೂರನೇ ಸಲ, ಸಾಗರ ರಸ್ತೆಯ ಧೂಳೆಲ್ಲ ಸೆರಗಿಗೆ ಮೆತ್ತಿಕೊಂಡು,
"ಏನು ಬರುತ್ತೆ ಅಂತಾದರೂ ಕೇಳಿ" ಅಂದರು.

ಲೇತ್ ಬರುತ್ತೆ. ಮಾಚೇನಹಳ್ಳಿ ಫೌಂಡ್ರಿಯಲ್ಲಿ ಹನ್ನೊಂದು ವರ್ಷ.
ಮತ್ತೆ ಬಿಟ್ಟಿದ್ದು ಯಾಕೆ?
ಸುಳ್ಳು ಹೇಳಲಿಲ್ಲ ಆಕೆ:
ಕಿವಿಯಲ್ಲಿ ಯಾರ್ಯಾರೋ ಮಾತಾಡುತ್ತಿದ್ದರು.
ಈಗ ಮಾತ್ರೆ ಇದೆ. ಈಗ ಅವರು
ಪಕ್ಕದ ಮನೆಯ ರೇಡಿಯೋದಷ್ಟು ದೂರ.

ಹೊಡೀತಾನಾ? ಕೇಳಿಯೇಬಿಟ್ಟೆ.
ಮೇಡಂ ಉತ್ತರ ಕೊಡಲಿಲ್ಲ, ಗೋಡೆ ನೋಡಿದರು.
ಗೋಡೆಯಲ್ಲೊಂದು ಗುಳಿ ಇದೆ,
ಹದಿನೇಳರ ಸ್ಪ್ಯಾನರಿನದು.
ಹೋದ ವರ್ಷ ಹುಡುಗನೊಬ್ಬನ ತಲೆಗೆ ನಾನೇ ಬೀಸಿ ಒಗೆದದ್ದು.
ಆಕೆಗೆ ಅದು ಗೊತ್ತಿರಲು ಸಾಧ್ಯವಿಲ್ಲ.
ಆದರೂ ನನಗೆ ಬೆವರು.

ಗುತ್ಯಪ್ಪ ಬಂದ. ನಲವತ್ತು ದಾಟಿದ ಆಳು,
ತೊಳೆದ ಅಂಗಿ, ಕತ್ತಿನ ಗುಂಡಿಯವರೆಗೂ ಹಾಕಿದ್ದು.
ಎಂಟಕ್ಕಲ್ಲ, ಹತ್ತಕ್ಕೆ. ರಾತ್ರಿ ಮಾತ್ರೆಯ ಮಂಪರು
ಬೆಳಿಗ್ಗೆ ಹೆಗಲ ಮೇಲೆ ಒದ್ದೆ ಗೋಣಿಯ ಹಾಗೆ ಕೂತಿರುತ್ತಂತೆ.
ತಿಂಗಳಿಗೊಂದು ಮಂಗಳವಾರ ಮೆಗ್ಗಾನ್ ಆಸ್ಪತ್ರೆ.
ಗಂಟೆಗೆ ಎಲ್ಲರಿಗೆ ಎಷ್ಟೋ ಅವನಿಗೂ ಅಷ್ಟೇ.
ಇದೊಂದಕ್ಕೆ ಮೇಡಂ ಅರ್ಧ ಗಂಟೆ ಜಗಳವಾಡಿದ್ದಾರೆ.

"ಅವನಿಗೇನು ಹತ್ತು, ನಮಗ್ಯಾಕೆ ಎಂಟು?" ಅಂದ ಜಬೀವುಲ್ಲಾ.
ನ್ಯಾಯವಾದ ಪ್ರಶ್ನೆ.
ನಿನ್ನ ಕನ್ನಡಕ ಯಾಕೆ ಅಂತ ಅವನು ಕೇಳಿದನೇನೋ? ಅಂದೆ.
ಭಾರಿ ಮಾತೇನಲ್ಲ,
ಆ ದಿನಕ್ಕೆ ಸಾಕಾಯಿತು.

ಮೊದಲ ವಾರ ಟೀ ಚೆಲ್ಲಿತು. ಮಾತ್ರೆಯ ನಡುಕ.
ಲೇತಿನ ಹಿಡಿ ಹಿಡಿದರೆ ಕೈ ಕಲ್ಲು,
ಲೋಟ ಹಿಡಿದರೆ ಅರಳಿ ಎಲೆ.
ಹೋಟೆಲಿನ ಹುಡುಗ ಮಾದೇವ, ಯಾರೂ ಹೇಳಿಕೊಡದೆ,
ಎಂಟನೇ ದಿನದಿಂದ ಅವನಿಗೆ ಅರ್ಧ ಲೋಟ ತಂದ.
ಅರ್ಧ ಈಗ, ಅರ್ಧ ಹನ್ನೆರಡಕ್ಕೆ.
ದುಡ್ಡು ಒಂದೇ ಟೀಯದು.

ನಾಲ್ಕನೇ ತಿಂಗಳು ಬರಲಿಲ್ಲ.
ಒಂದು ದಿನ, ಮೂರು, ಐದು.
ಟ್ರ್ಯಾಕ್ಟರಿನವನು ಬುಷ್ ಕೇಳಿ ಬೈದು ಹೋದ.
'ಆಳು ಬೇಕಾಗಿದೆ' ಅಂತ ರಟ್ಟಿನ ಮೇಲೆ ಬರೆದೂಬಿಟ್ಟೆ.
ಅಂಟಿಸಲು ಗೋಂದು ಇರಲಿಲ್ಲ, ಅಥವಾ
ಹುಡುಕಲಿಲ್ಲ.
ಫೋನಿನಲ್ಲಿ ಮೇಡಂ: ಮಾತ್ರೆ ಬದಲಾಯಿಸಿದ್ದಾರೆ, ಇನ್ನೊಂದು ವಾರ.
ಸುಸ್ತಾದ ದನಿ. ಹಿಂದೆ ವಾರ್ಡಿನ ಫ್ಯಾನು ಕಿರುಗುಡುತ್ತಿತ್ತು.
ಅವನ ವರ್ನಿಯರನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಗಲ್ಲಾದೊಳಗೆ ಇಟ್ಟೆ,
ಜಬೀವುಲ್ಲಾನ ಕೈಗೆ ಸಿಗದ ಹಾಗೆ.

ಹನ್ನೆರಡನೇ ದಿನ ಹೊರಗೆ, ಹಳೇ ಟೈರುಗಳ ಪಕ್ಕ ನಿಂತಿದ್ದ.
ನನಗೆ ಇಂಥ ಹೊತ್ತಿನ ಮಾತು ಬರುವುದಿಲ್ಲ.
ಹುಷಾರಾ ಅಂತ ಕೇಳಬೇಕೋ, ಕೇಳಬಾರದೋ.
"ಇಪ್ಪತ್ತೆರಡರ ಬುಷ್ ಹನ್ನೆರಡು ಬೇಕು, ಸಂಜೆಗೆ" ಅಂದೆ.
ಗಲ್ಲಾ ತೆಗೆದು ವರ್ನಿಯರ್ ಚಾಚಿದೆ.

ಅಳೆದ. ಹೋದ ವಾರ ಜಬೀವುಲ್ಲಾ ಕಡೆದಿದ್ದನ್ನೂ ಅಳೆದ.
"ಇದು ಕೂದಲೆಳೆ ಜಾಸ್ತಿ ಇದೆ."
ಜಬೀವುಲ್ಲಾ ಬೈದ. ಲೇತ್ ಶುರುವಾಯಿತು.
ಕಬ್ಬಿಣದ ಸುರುಳಿ ನೀಲಿಗೆ ತಿರುಗಿ ಕಾಲ ಬಳಿ ಬಿತ್ತು.
ಈ ಸದ್ದಿನಲ್ಲಿ ಪಕ್ಕದ ಮನೆಯ ರೇಡಿಯೋ ಕೇಳುತ್ತದೋ ಇಲ್ಲವೋ,
ನಾನು ವಿಚಾರಿಸಿಲ್ಲ.

ಹದಿನೇಳು ತಿಂಗಳಾಯಿತು.
ನಡುವೆ ಇನ್ನೊಮ್ಮೆ ಒಂಬತ್ತು ದಿನ ಬರಲಿಲ್ಲ.
ರಟ್ಟು ಬರೆಯಲಿಲ್ಲ.

ಇವತ್ತು ಮೇಡಂ ಮತ್ತೆ ಬಂದಿದ್ದಾರೆ:
ಹೆಂಗಸು, ಐವತ್ತರ ಹತ್ತಿರ, ಲೆಕ್ಕ ಚೊಕ್ಕ,
ಜನರ ಮುಖ ನೋಡುವುದು ಮಾತ್ರ ಸ್ವಲ್ಪ ಕಷ್ಟ.
ಕೆಲಸ ಇಲ್ಲ, ಅಂದೆ.
ಹೆಲ್ಮೆಟ್ ಬಿಲ್ ಬುಕ್ಕಿನ ಮೇಲೇ ಇದೆ.
ಮಾದೇವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾನೆ:
ಟೀ ಎಷ್ಟು?