ಆರೋ ಒಂಬತ್ತೋ

ಕಾರಟಗಿಯಲ್ಲಿ ಎಲ್ಲದರ ಮೇಲೂ ನೆಲ್ಲಿನ ಹೊಟ್ಟು ಕೂರುತ್ತದೆ.
ಕೀಬೋರ್ಡಿನ ಸಂದಿಗೆ, ನೀಲಿ ಪರದೆಯ ಮಡಿಕೆಗೆ,
ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರ ರೆಪ್ಪೆಗೆ.
ರೆಪ್ಪೆಯದನ್ನು ಮಾತ್ರ ನಾನು ಕಂಪ್ಯೂಟರಿನಲ್ಲಿ ಒರೆಸುತ್ತೇನೆ.
ಹದಿನಾಲ್ಕು ವರ್ಷ, ಅದೇ ಕುರ್ಚಿ, ಅದೇ ಸಾಫ್ಟ್‌ವೇರು.

ಹೊಸ ಕ್ಯಾಮೆರಾ ತಂದೆ.
ಅದು ಕೊಟ್ಟ ಫೈಲನ್ನು ಹಳೆಯದು ತೆರೆಯಲೊಲ್ಲದು,
ಕಂಡರೂ ಕಾಣದಂತೆ ಮುಖ ತಿರುಗಿಸುವ ಬೀಗರ ಹಾಗೆ.
ಹೊಸದನ್ನು ತರಿಸಿದೆ. ಹಳೆಯದಿದ್ದವರಿಗೆ ಅರ್ಧ ಬೆಲೆ.
ಅರ್ಧ ಬೆಲೆಯಲ್ಲಿ ಬಂದದ್ದು ಬಾಗಿಲಲ್ಲೇ ನಿಂತು ಕೇಳಿತು:
ಹಳೆಯದಿತ್ತು ಎನ್ನುವುದಕ್ಕೆ ಗುರುತೇನು?
ಇಪ್ಪತ್ನಾಲ್ಕು ಅಂಕಿ.

ಡಬ್ಬಿ ಅಟ್ಟದಲ್ಲಿತ್ತು, ಒಳಗೆ ನೆಗೆಟಿವ್‌ಗಳು.
ಹಿಂದಿನ ಚೀಟಿಯನ್ನು ಗೆದ್ದಲು ಓದಿ ಮುಗಿಸಿತ್ತು,
ಮೊದಲ ನಾಲ್ಕು ಅಂಕಿಯ ರುಚಿ ಹಿಡಿಸಿರಲಿಲ್ಲವೇನೋ.
ಸಹಾಯವಾಣಿಯ ಹುಡುಗಿ ಹಿಂದಿಯಲ್ಲಿ ಕೇಳಿದಳು:
ಕೊಂಡವರು ಯಾರು, ಯಾವ ವರ್ಷ, ರಸೀದಿ ಎಲ್ಲಿ?
ಕೊಂಡವರು ಶೇಕ್ಷಾವಲಿ ಮಾಸ್ತರು.
ಅವರು ಹೋಗಿ ಏಳು ವರ್ಷ ಎಂದೆ.
ಲೈನಿನಲ್ಲೇ ಇರಿ ಎಂದು ಸಂಗೀತ ಹಾಕಿದಳು.

ಲೈನಿನಲ್ಲಿದ್ದಾಗಲೇ ನೆನಪಾಯಿತು ಆರ್ಡರ್ ಬುಕ್ಕು.
ಹಿಟ್ಟಿನ ಅಂಟು ಹಾಕಿ ಹೊಲಿದ ಕೆಂಪು ಬೆನ್ನು.
ಕಾಪಿ ಎಷ್ಟು, ಬಂದದ್ದೆಷ್ಟು, ಬಾಕಿ ಯಾರದ್ದು,
ಎಲ್ಲ ಕನ್ನಡ ಅಂಕಿಯಲ್ಲೇ.
"ಇಂಗ್ಲೀಷ್ ಒಂದು ಒಣ ಕಡ್ಡಿ, ತಂಗೀ,
ನಮ್ಮ ಒಂದಕ್ಕ ಸ್ವಲ್ಪ ಹೊಟ್ಟಿ ಐತಿ" ಅನ್ನುತ್ತಿದ್ದರು.
ಮುಷ್ಟೂರಿನ ಮದುವೆಯ ಬಾಕಿಯ ಕೆಳಗೆ
ಉದ್ದಕ್ಕೆ ಒಂದು ಸಾಲು, ಯಾರ ಹೆಸರೂ ಇಲ್ಲದ್ದು.
ಎಣಿಸಿದೆ. ಇಪ್ಪತ್ನಾಲ್ಕು.
ಮೊದಲ ನಾಲ್ಕು, ಗೆದ್ದಲು ಬಿಟ್ಟವೇ.

ಒಂದೊಂದನ್ನೂ ಇಂಗ್ಲೀಷಿಗೆ ಇಳಿಸುತ್ತಾ ಹೊಡೆದೆ.
ತಪ್ಪು ಎಂದಿತು.
ನಿಧಾನಕ್ಕೆ ಹೊಡೆದೆ. ತಪ್ಪು.
ಇನ್ನೆರಡು ಸಲ ಮಾತ್ರ, ಆಮೇಲೆ ಬೀಗ.

ಕರೆಂಟು ಹೋಯಿತು. ಯುಪಿಎಸ್ಸು ಮರಿಹಕ್ಕಿಯಂತೆ ಕೂಗುತ್ತಿತ್ತು.
ಮಿಲ್ಲಿನಲ್ಲಿ ಚೀಲ ಎಣಿಸುವ ಯಂಕೋಬ
ಐಟಿಐ ಅರ್ಜಿಯ ಫೋಟೋಕ್ಕೆ ಬಂದವನು
ತಲೆ ಬಾಚಿಕೊಂಡು ಕೂತೇ ಇದ್ದ.
ಮೊಬೈಲಿನ ಬೆಳಕು ಹಿಡಿದು ಬಗ್ಗಿ ನೋಡಿದ.
"ಅಕ್ಕಾ, ಇದು ಆರೋ ಒಂಬತ್ತೋ?"

ಅಲ್ಲಿತ್ತು ಗಂಟು.
ಮಾಸ್ತರ ಆರೂ ಒಂಬತ್ತೂ ಅವಳಿ ಜವಳಿ,
ಬಾಲ ಮಾತ್ರ ಬೇರೆ, ಅದೂ ಅವರ ಮರ್ಜಿ.
ಅಂಥವು ಐದು. ಎಂದರೆ ಮೂವತ್ತೆರಡು ದಾರಿ,
ನನ್ನ ಬಳಿ ಇದ್ದವು ಎರಡು ಹೆಜ್ಜೆ.

ಯಂಕೋಬ ಹಾಳೆ ಹಿಂದಕ್ಕೆ ತಿರುವಿದ,
ಲಾರಿಯ ಲೆಕ್ಕ ತಪ್ಪಿದಾಗ ತಿರುವುವಂತೆ, ಬೆರಳಿಗೆ ಉಗುಳು ಹಚ್ಚಿ.
"ಗುಣಾಕಾರ ಸುಳ್ಳು ಹೇಳಂಗಿಲ್ರಿ, ಇಲ್ಲಿ ನೋಡ್ರಿ:
ಇಷ್ಟು ಕಾಪಿ, ಹದಿನೈದರಂಗ, ಮುಂದ ಸೊನ್ನಿ.
ಮೊದಲಿಂದು ಆರಾದರೆನ ಕಡೀದು ತೊಂಬತ್ತು."
ನೋಡಿದೆ. ಆರರ ಬಾಲ ಹೊರಗೆ ಚಾಚಿತ್ತು.
ಒಂಬತ್ತರದ್ದು, ಛಳಿಗೆ ಕಾಲು ಮಡಿಸಿದವರಂತೆ, ಒಳಗೆ.

ಕರೆಂಟು ಬಂತು. ಅವನು ಓದಿದ, ನಾನು ಹೊಡೆದೆ.
ಸುತ್ತುವ ಚಕ್ರ ಸುತ್ತಿತು, ಸುತ್ತಿತು,
ಬಾಗಿಲು ತೆರೆಯಿತು.
ಹೆಸರಿನ ಜಾಗದಲ್ಲಿ ಖಾಲಿ ಚೌಕ, ಮಿನುಗುವ ಗೆರೆ.
ಹುಲಿಗೆಮ್ಮ ಎಂದು ಬರೆದೆ.
ಕೈ ಒಂದು ಕ್ಷಣ ತಡೆದಿತ್ತು, ಸುಳ್ಳೇಕೆ.

ಯಂಕೋಬನ ಫೋಟೋ ತೆಗೆದೆ, ದುಡ್ಡು ಬೇಡವೆಂದೆ.
ರೆಪ್ಪೆಯ ಹೊಟ್ಟು ತೆಗೀಲಾ ಅಂದರೆ
"ಇರ್ಲಿ ಬಿಡ್ರಿ, ನಾಳೆ ಮತ್ತ ಬರತೈತಿ" ಅಂದ.

ಹೊಸ ನಂಬರನ್ನು ಅದೇ ಬುಕ್ಕಿನಲ್ಲಿ, ಆ ಸಾಲಿನ ಕೆಳಗೆ,
ನನ್ನ ಕೈಯಾರೆ ಕನ್ನಡದಲ್ಲೇ ಇಳಿಸಿದೆ.
ನನ್ನ ಆರೂ ಅಷ್ಟೇನು ನೆಟ್ಟಗಿಲ್ಲ.
ಮುಂದೆ ಈ ಕುರ್ಚಿಗೆ ಯಾರು ಬರುತ್ತಾರೋ.
ಅವರಿಗೆಂದು ಪಕ್ಕದಲ್ಲಿ ಒಂದು ಸುಳ್ಳು ಆರ್ಡರು ಬರೆದಿಟ್ಟೆ:

೬ ಕಾಪಿ, ೧೫ರಂತೆ, ೯೦.